ಟೈಲರ್ ಮಾಮನ ಕೈಯೊಳಗಿನ ದುಂಬಿ

ನಾನು ಹೇಳೋದರಲ್ಲಿ ಮುಕ್ಕಾಲು ಬುರುಡೆ ಅಂತ ಬೀದಿಗೇ ಗೊತ್ತು. ಆದರೆ ಇದು ನಮ್ಮ ಚಿಕ್ಕಪ್ಪನ ಮಗಳಿಗೆ ಆಗಿದ್ದು.

ಅಕ್ಕನಿಗೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮೆಷಿನ್ ನಡೆಸೋ ಕೆಲಸ. ಆ ಸೋಮವಾರ ಕೊನೇ ಪಾಳಿ ಮುಗಿಸಿ, ಹಳೇ ಬಾವಿ ಪಕ್ಕ ಹಾದು ಮನೆಗೆ ಬರ್ತಿದ್ದಳು. ತಲೆ ತುಂಬ ನಮ್ಮ ಬೀದಿಯ ಟೈಲರ್ ಮಾಮನೇ. ಒಂಬತ್ತು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ತಪ್ಪದೆ ಬರೋ ಮನುಷ್ಯ ಇವತ್ತು ಬಂದಿರಲಿಲ್ಲ. ಫೋನೂ ಎತ್ತಲಿಲ್ಲ.

ಶುಕ್ರವಾರ ತೂಕ ನೋಡುವಾಗ ಮಾಮ ಕಳ್ಳನ ಹಾಗೆ ಗೋಡೆಗೆ ಕೈ ಊರಿದ್ದ. ಹಾಗೆ ತೂಕ ಕಮ್ಮಿ ತೋರಿಸಿದರೆ ಮೈಯಿಂದ ನೀರು ಕಮ್ಮಿ ತೆಗೀತಾರೆ, ಕಾಲು ಸೆಳೆಯಲ್ಲ. ಅಕ್ಕ ನೋಡಿದಳು. ನಕ್ಕಳು. ಆ ಸುಳ್ಳು ತೂಕವನ್ನೇ ಬರೆದುಕೊಂಡಳು. ಮಾಮನ ಹೃದಯ ಊದಿದೆ, ಒಂದು ಲೋಟ ನೀರು ಹೆಚ್ಚಾದರೂ ತಡೆಯಲ್ಲ ಅಂತ ಡಾಕ್ಟರು ಹೇಳಿದ್ದು ಗೊತ್ತಿದ್ದೂ...

ಕಿರ್ರ್... ರಾಟೆ ಅಲುಗಿತು.

ಬಾವಿಕಟ್ಟೆ ಮೇಲೆ ಮಾಮ.

"ಯಾಕೆ ಮಾಮ ಬರಲಿಲ್ಲ?"

ಮಾಮ ಎಡಗೈ ಚಾಚಿದ. ಸೂಜಿ ಚುಚ್ಚೋಕೆ ರಕ್ತನಾಳ ಜೋಡಿಸಿದ ಕೈ. ಮುಟ್ಟಿದರೆ ಒಳಗೆ ಹರಿಯೋ ರಕ್ತ ಜುಂಯ್... ಅಂತಿರಬೇಕು. "ದುಂಬಿ ಸಾಕಿದ್ದೀನಿ, ಕಚ್ಚಲ್ಲ ಬಾ" ಅನ್ನೋದು ಅವನ ಹಳೇ ತಮಾಷೆ. ಅಕ್ಕ ಅಭ್ಯಾಸಬಲದಿಂದ ಬೆರಳಿಟ್ಟಳು.

ಸದ್ದಿಲ್ಲ.

ಒತ್ತಿದಳು... ಸದ್ದೇ ಇಲ್ಲ. ಕೈ ತಣ್ಣಗೆ ಕೊರೀತಿತ್ತು. ಅವಳಿಗೆ ತಿಳಿದುಹೋಯಿತು.

"ತಪ್ಪು ನನ್ನದು ಮಾಮ..."

"ಗೋಡೆ ಹಿಡಿದವನು ನಾನಲ್ವೇ ಮಗಾ," ಪಿಸುಗುಟ್ಟಿದ. "ಬಾಯಾರಿಕೆ... ಈಗಾದರೂ ಹೊಟ್ಟೆ ತುಂಬ ಕುಡೀಲಾ?"

ದಿನಕ್ಕೆ ಎರಡೇ ಲೋಟ ಅಂತ ಒಂಬತ್ತು ವರ್ಷ ಬೈದವಳು ಅವಳೇ. ಹಗ್ಗ ಬಿಟ್ಟಳು. ದುಬುಕ್... ಕೊಡ ಮುಳುಗಿತು. ಸೇದಿ, ಅವನ ಬೊಗಸೆಗೆ ಹುಯ್ದಳು. ಗುಟುಕ್... ಗುಟುಕ್... ಅರ್ಧ ಕೊಡ ಖಾಲಿ.

"ಇನ್ನೂ ಬೇಕಾ ಮಾಮ?"

ತಲೆಯೆತ್ತಿದರೆ ಕಟ್ಟೆ ಮೇಲೆ ಯಾರೂ ಇಲ್ಲ.

ಓಡಿದಳು, ನೇರ ಮಾಮನ ಮನೆಗೆ. ಬಾಗಿಲು ತೆರೆದೇ ಇತ್ತು. ಸಂಜೆ ಆಸ್ಪತ್ರೆಗೆ ಹೊರಡೋಕೆ ಚಪ್ಪಲಿ ಮೆಟ್ಟುವಾಗಲೇ ಮಾಮನ ಹೃದಯ ನಿಂತಿತ್ತಂತೆ. ಅತ್ತೆ ಗೋಡೆಗೊರಗಿ ಕೂತಿದ್ದಳು. "ಒಂದು ಗುಟುಕು ಕೊಡೇ ಅಂದರು ಕಣೇ... ನೀನು ಬೈತೀಯ ಅಂತ ಕೊಡಲಿಲ್ಲ."

ಮಲಗಿಸಿದ್ದ ಮಾಮನ ಪಕ್ಕ ಅಕ್ಕ ಹೋಗಿ ಕೂತಳು.

ಅವನ ಅಂಗಿಯ ಎದೆ ತೊಯ್ದು ತೊಪ್ಪೆಯಾಗಿತ್ತು. ಗಲ್ಲದಿಂದ ಚಾಪೆಗೆ ನೀರು... ತೊಟ್... ತೊಟ್...

ಅಲ್ಲಿದ್ದ ಏಳು ಜನ ನೋಡಿದ್ದಾರೆ, ಬೇಕಾದರೆ ಕೇಳಿ. ಚಾಪೆ ಒರೆಸಿದವನು ನಾನೇ.