ಎರಡನೇ ಕಾರ್ಬುರೇಟರಿನ ಉಸಿರು

ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ನಮ್ಮ ಪಕ್ಕದ ಮನೆಯವನಿಗೇ ಆಗಿದ್ದು. ಆ ರಾತ್ರಿ ಅವನು ಬಾವಿ ದಾಟಿ, ಆಲದ ಮರದ ಕಡೆಯಿಂದ ನಡ್ಕೊಂಡು ಬಂದ… ನಡ್ಕೊಂಡೇನು, ಎದ್ದೂ ಬಿದ್ದೂ ಓಡಿ ಬಂದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸ್ಪೋರ್ಟ್ಸ್ ಕಾರು ಓಡಿಸ್ಕೊಂಡು ಹೋದ ಮಹಾನುಭಾವ ಹೀಗ್ಯಾಕೆ ಬಂದ? ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ.

ಅವನನ್ನ ಎಲ್ಲರೂ ಗೇಜಣ್ಣ ಅಂತಾರೆ. ಏನು ಮುಟ್ಟಿದರೂ ಗೇಜು, ಅಂದರೆ ಅಳೆಯೋ ಮೀಟರು, ಹಿಡಿದೇ ಮುಟ್ಟೋನು. ಹೆಂಡತಿ ಜ್ವರ ಅಂತ ಮಲಗಿದರೆ, ಹಣೆ ಮುಟ್ಟಿ ನೋಡೋದು ಬಿಟ್ಟು ಥರ್ಮಾಮೀಟರ್ ಹುಡುಕ್ಕೊಂಡು ಬೀದಿ ಬೀದಿ ಸುತ್ತಿದ ಗಿರಾಕಿ. ಅವನ ಅಣ್ಣ ಪೂರ್ತಿ ಉಲ್ಟಾ. ಅಣ್ಣನ ಹತ್ತಿರ ಹಳೇ ಕಾಲದ, ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇತ್ತು. ಅದಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರ್ ಎರಡು. ಎರಡೂ ಒಂದೇ ಸಮ ಗಾಳಿ ಎಳೀಬೇಕು, ಇಲ್ಲದಿದ್ದರೆ ಇಂಜಿನ್ ಕುಂಟುತ್ತೆ. ಅಣ್ಣ ಒಂದು ತುಂಡು ರಬ್ಬರ್ ಪೈಪು ತಗೊಂಡು, ಒಂದು ತುದಿ ಕಾರ್ಬುರೇಟರ್ ಬಾಯಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು, ಸುಯ್… ಅನ್ನೋ ಸದ್ದು ಕೇಳಿಯೇ ಸರಿ ಮಾಡೋನು. ನಡುವೆ ಈ ತಮ್ಮ ಬಾಯಿ ಹಾಕಿದರೆ ಅಣ್ಣ ಲೊಚಗುಟ್ಟೋನು. ಚ್ಚು. ಅಷ್ಟೇ. ಅಣ್ಣನಿಗೂ ಜಂಬ ಏನು ಕಡಿಮೆ ಇರಲಿಲ್ಲ ಬಿಡಿ.

ಅಣ್ಣ ತೀರಿಕೊಂಡ. ಕಾರು ನಿಂತಲ್ಲೇ ನಿಂತಿತು. ಸ್ಟಾರ್ಟ್ ಮಾಡಿದರೆ ಕೆಮ್ಮೋದು, ಹಿಂದಿನಿಂದ ಢಬ್ ಅನ್ನೋದು. ಕೊನೆಗೆ ಅತ್ತಿಗೆ ಮೈದುನನಿಗೆ ಹೇಳಿದರಂತೆ: ಅವರು ಇದ್ದಾಗ ಹೇಗೆ ಓಡ್ತಿತ್ತೋ ಹಾಗೇ ಓಡಿಸ್ಕೊಂಡು ನಾಳೆ ನನ್ನ ಬಾಗಿಲಿಗೆ ತಾ, ಕಾರು ನಿಂದು. ಆಗದಿದ್ದರೆ ಗ್ಯಾರೇಜಿನವನಿಗೆ ಕೊಟ್ಟುಬಿಡ್ತೀನಿ. ಗೇಜಣ್ಣನಿಗೆ ಬೇಕಾಗಿದ್ದು ಬರೀ ಕಾರಲ್ಲ. ಅಣ್ಣನಿಗಿಂತ ನೀನೇ ಮೇಲು ಅಂತ ಅತ್ತಿಗೆ ಬಾಯಲ್ಲಿ ಒಂದು ಸಲ ಕೇಳಬೇಕಿತ್ತು.

ಕಾರನ್ನ ತನ್ನ ಮನೆಗೆ ತಳ್ಳಿಸ್ಕೊಂಡು ಬಂದು, ಅವತ್ತು ಇಡೀ ದಿನ ಕಾರ್ಬುರೇಟರ್ ಬಿಚ್ಚಿದ, ತೊಳೆದ, ಗೇಜಿಟ್ಟು ಅಳೆದ. ಗೇಜು ಎಲ್ಲ ಸರಿ ಇದೆ ಅಂತು. ಕಾರು ಮಾತ್ರ ಕೆಮ್ಮೋದು ಬಿಡಲಿಲ್ಲ. ಓಡಿಸಿ ನೋಡೋಣ ಅಂತ ರಾತ್ರಿ ಹೊರಟ. ಆಲದ ಮರದ ಕೆಳಗೆ ಬಂತು… ಟುಸ್. ನಿಂತೇಹೋಯ್ತು.

ಕತ್ತಲು. ಒಂದು ಎಲೆ ಅಲ್ಲಾಡ್ತಿಲ್ಲ. ಬಾನೆಟ್ ಎತ್ತಿದ. ನೋಡಿದರೆ ಗೇಜು ಮನೆಯಲ್ಲೇ ಮರೆತು ಬಂದಿದ್ದಾನೆ, ಪುಣ್ಯಾತ್ಮ. ಸೀಟಿನ ಕೆಳಗೆ ಕೈ ಹಾಕಿದ, ಅಣ್ಣನ ಪೈಪು ಸಿಕ್ಕಿತು. ಆಚೆ ಈಚೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಸ್ಟಾರ್ಟ್ ಮಾಡಿ ಪೈಪನ್ನ ಕಿವಿಗೆ ಇಟ್ಟ. ಮೊದಲನೇ ಕಾರ್ಬುರೇಟರ್… ಸುಯ್. ಎರಡನೇದು… ಸುಯ್. ಎರಡೂ ಒಂದೇ ಸಮ. ಅಷ್ಟರಲ್ಲಿ ಇಂಜಿನ್ ಮತ್ತೆ ನಿಂತಿತು.

ಕಿವಿಯಲ್ಲಿ ಸದ್ದು ನಿಲ್ಲಲಿಲ್ಲ.

ಸುಯ್… ಅಂತ ಒಳಕ್ಕೆ. ಆಮೇಲೆ, ಹಾ… ಅಂತ ಹೊರಕ್ಕೆ. ಕಾರ್ಬುರೇಟರ್ ಗಾಳಿ ಎಳೆಯುತ್ತೆ ಕಣ್ರಿ, ಹೀಗೆ ಹೊರಕ್ಕೆ ಬಿಡಲ್ಲ. ಅದೂ ನಿಂತ ಇಂಜಿನ್ನಿನಲ್ಲಿ.

ಬೇರೆ ಯಾರೇ ಆಗಿದ್ದರೂ ಅಲ್ಲೇ ಕಾಲಿಗೆ ಬುದ್ಧಿ ಹೇಳ್ತಿದ್ದರು. ಇವನು? ಸ್ಕ್ರೂಡ್ರೈವರ್ ತಗೊಂಡು ಎರಡನೇ ಕಾರ್ಬುರೇಟರಿನ ಸ್ಕ್ರೂ ತಿರುಗಿಸೋಕೆ ಹೋದ.

ಚ್ಚು.

ಪೈಪಿನೊಳಗಿಂದಲೇ ಬಂತು. ಒದ್ದೆ ನಾಲಿಗೆ ಅಂಗುಳಕ್ಕೆ ಅಂಟಿ ಬಿಟ್ಟ ಸದ್ದು. ಆಮೇಲೆ ಪಿಸುಮಾತು… "ಕಾರ್ಬುರೇಟರ್ ಚೆನ್ನಾಗೇ ಇದೆ ಕಣೋ. ಪಾಯಿಂಟ್ ನೋಡು."

ಪಾಯಿಂಟ್ ಅಂದರೆ ಇಂಜಿನ್ನಿಗೆ ಕಿಡಿ ಹೊಡೆಸೋದು. ಕಾರ್ಬುರೇಟರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಷ್ಟು ದೊಡ್ಡ ಪಂಡಿತ ಇಡೀ ದಿನದಲ್ಲಿ ಅದರ ಮುಚ್ಚಳ ಕೂಡ ತೆಗೆದಿರಲಿಲ್ಲ. ಆದರೂ ಸೊಕ್ಕು ನೋಡಿ.

"ಬದುಕಿದ್ದಾಗ ಒಂದಕ್ಷರ ಹೇಳಿಕೊಡಲಿಲ್ಲ, ಈಗ ಬಂದ್ಯಾ?" ಅಂದ. ಸತ್ತವನ ಜೊತೆ ವಾದಕ್ಕೆ ನಿಂತ ಮನುಷ್ಯನನ್ನ ನಾನು ಬೇರೆ ಕಂಡಿಲ್ಲ. ಹಾಗಂದು, ಬೇಕಂತಲೇ ಆ ಸ್ಕ್ರೂ ತಿರುಗಿಸಿದ.

ಪೈಪಿನ ಆ ತುದಿಯನ್ನ ಯಾರೋ ಒಳಗಿಂದ… ಮೆತ್ತಗೆ ಎಳೆದರು.

ಆಗ ಓಡಿದ ನೋಡಿ.

ಬೆಳಿಗ್ಗೆ ಅತ್ತಿಗೆ ಹೇಳಿ ಕಳಿಸಿದರು. ನಾನೂ ಜೊತೆಗೆ ಹೋದೆ. ಕಾರು ಅವರ ಗೇಟಿನ ಮುಂದೆ ನಿಂತಿದೆ. ಇಂಜಿನ್ ಓಡ್ತಾ ಇದೆ, ಒಂದೇ ಸಮ, ಒಂದು ಕೆಮ್ಮಿಲ್ಲ. ಒಳಗೆ ಯಾರೂ ಇಲ್ಲ. ಅತ್ತಿಗೆ ಕಣ್ಣೊರೆಸ್ಕೊಂಡು, "ಅವರು ಇದ್ದಾಗಿನ ಹಾಗೇ ಇದೆ ಕಣಪ್ಪಾ. ತಗೊಂಡು ಹೋಗು, ಇನ್ಮೇಲೆ ನಿಂದು," ಅಂದರು.

ಹೂಂ ಅಂದಿದ್ದರೆ ಸಾಕಿತ್ತು. ಆದರೆ ಗೇಜಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಕಾರಿನ ಬಾಗಿಲಿಗೆ ಕೈ ಇಡೋಕೂ ಧೈರ್ಯ ಬರಲಿಲ್ಲ. ಗ್ಯಾರೇಜಿನವನಿಗೇ ಕೊಟ್ಟುಬಿಡಿ ಅತ್ತಿಗೆ ಅಂತ ಕೊನೆಗೆ ಮೆಲ್ಲಗೆ ಅಂದ. ಕಾರೂ ಹೋಯ್ತು, ಮೇಲು ಅನ್ನಿಸಿಕೊಳ್ಳೋದೂ ಹೋಯ್ತು.

ಅತ್ತಿಗೆಗೆ ಅರ್ಥವಾಗಲಿಲ್ಲ. "ಅಲ್ಲಾ, ಬೆಳಗಿನ ಜಾವ ಕತ್ತಲಲ್ಲಿ ಬಂದೋನು ಒಳಗೆ ಬರಬಾರದಿತ್ತಾ? ಹೊರಗಿನ ನಲ್ಲಿಯಲ್ಲೇ ಕೈ ತೊಳ್ಕೊಂಡು ಹೊರಟುಹೋದೆಯಲ್ಲ," ಅಂದರು.

ನಲ್ಲಿ ಪಕ್ಕ ಸೋಪು ಇತ್ತು. ಗ್ರೀಸಿಗೆ ಕರ್ರಗಾಗಿತ್ತು, ನೊರೆ ಇನ್ನೂ ಆರಿರಲಿಲ್ಲ. ನಂಬಿ, ಬಿಡಿ. ಆ ಸೋಪನ್ನ ನಾನೇ ಕಣ್ಣಾರೆ ನೋಡಿದೀನಿ.