ಹನ್ನೊಂದನೇ ಗೊಂಬೆ

ಕಸ್ಟಮ್ಸ್ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹೆಂಗಸು, ಅವಳ ಮೈದುನ, ಇಬ್ಬರ ನಡುವೆ ಒಂದು ತಗಡಿನ ಪೆಟ್ಟಿಗೆ. ಕದ್ದು ಕೇಳುವ ಆಸೆ ನನಗಿರಲಿಲ್ಲ. ಸಾಲು ಅಷ್ಟು ಒತ್ತಾಗಿತ್ತು. ಮೈದುನ ಪಟ್ಟಿಯ ಮೇಲೆ ಬೆರಳಿಟ್ಟು ಓದುತ್ತಿದ್ದ.

"ಅತ್ತಿಗೆ, ಈ ದೇಶಕ್ಕೆ ಗೊಂಬೆಯಾಟ ಆಡ್ಸೋಕೆ ಅಂತ ತಂದಿದ್ದು ಹನ್ನೊಂದು ಗೊಂಬೆ. ಪೆಟ್ಟಿಗೇಲಿ ಹತ್ತೇ ಇದಾವೆ."

"ಮುದುಕಿ ಗೊಂಬೆ ನಿಮ್ಮಣ್ಣನ ಜೊತೆ ಹೋಯ್ತಲ್ಲ. ಸುಡೋಕೆ ಮುಂಚೆ ನೀನೇ ಎದೆ ಮೇಲೆ ಇಟ್ಟೆ."

"ಇಟ್ಟೆ. ಆದ್ರೆ ಆರು ತಿಂಗಳಿಗೆ ಅಂತ ತಂದ ಸಾಮಾನು ಅಷ್ಟೂ ವಾಪಸ್ ಹೋಗ್ಬೇಕಂತೆ. ಒಂದನ್ನ ಮಾರಿದ್ರಾ ಅಂತ ಕೇಳ್ತಾರೆ."

"ಮಾರಿಲ್ಲ ಅನ್ನು."

"ಸುಡೋದಾದ್ರೆ ಅಧಿಕಾರಿ ಎದುರಿಗೇ ಸುಡ್ಬೇಕಿತ್ತಂತೆ. ಇಲ್ಲಿ ಬರೆದಿದೆ."

"ಅವತ್ತು ಯಾರ್ಯಾರನ್ನ ಕರೀಬೇಕು ಅಂತ ನಮಗೇನು ಗೊತ್ತಿತ್ತು."

ಅವಳು ಪೆಟ್ಟಿಗೆಯ ಚಿಲಕ ತೆಗೆದಳು, ಮತ್ತೆ ಹಾಕಿದಳು.

"ಲೆಕ್ಕ ಬರೆಯೋ ಜಾಗದಲ್ಲಿ ಏನಂತ ಇದೆ?"

"'ದೇಶ ಬಿಟ್ಟು ಹೋದದ್ದು' ಅಂತ."

"ಹನ್ನೊಂದು ಅಂತ ಬರಿ."

"ಅತ್ತಿಗೆ..."

"ಮತ್ತೆ ಇಲ್ಲೇ ಇದೆಯಾ ಅದು? ಬರಿ."

ಅವನು ಬರೆದ. ಕಿಟಕಿಯ ಗುಮಾಸ್ತ ಪಟ್ಟಿ ತೆಗೆದುಕೊಂಡ. ಪೆಟ್ಟಿಗೆಯ ಕಡೆ ನೋಡಲೂ ಇಲ್ಲ.

"ಸಾಮಾನು ತಂದವರು ಎಲ್ಲಿ?"

"ಅವರು ಮೊದಲೇ ಹೋದ್ರು," ಎಂದಳು.

"ಸರಿ. ಹಾಗಾದ್ರೆ ಅವರ ಪರವಾಗಿ ನೀವೇ ಸಹಿ ಹಾಕಿ."

ಹಾಕಿದಳು. ಒಬ್ಬರೇ ಎತ್ತಬಹುದಾಗಿದ್ದ ಪೆಟ್ಟಿಗೆಯನ್ನು, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು, ನಿಧಾನವಾಗಿ ಹೊತ್ತುಕೊಂಡು ಹೋದರು.