ಒಡಹುಟ್ಟಿದ ಲಕೋಟೆ

ಸನ್ಮಾನ್ಯ ಅಧ್ಯಕ್ಷರೇ, ಅಧ್ಯಕ್ಷರಿಗಿಂತ ಎತ್ತರದ ಕುರ್ಚಿ ಸಿಕ್ಕಿದ್ದಕ್ಕೆ ಮುಜುಗರಪಡುತ್ತಿರುವ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಕುಳಿತು ಬಾಗಿಲು ನೋಡುತ್ತಿರುವ ಕಿರಿಯರೇ, ನಡುವೆ ಸಿಕ್ಕಿಕೊಂಡು ಎತ್ತಲೂ ನೋಡಲಾಗದ ಸಹನಾಮೂರ್ತಿ ಸಭಿಕರೇ,

ಫೋನು ಮತ್ತು ಟ್ಯಾಬ್ಲೆಟ್ ಬಳಕೆದಾರರ ಸಂಘದ ಈ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟಿರುವ ವಿಷಯ 'ಯಂತ್ರದ ಜೊತೆಯಲ್ಲೇ ಬರುವ ಇಮೇಲ್ ಆ್ಯಪಿನ ಮಹತ್ವ'. ವಿಷಯ ಕೇಳಿದೊಡನೆ ಯಾರೋ ಆಕಳಿಸಿದ್ದು ವೇದಿಕೆಯಿಂದಲೇ ಕಾಣಿಸಿತು. ಆಕಳಿಸಿ, ತಪ್ಪಿಲ್ಲ. ಆದರೆ ಎದ್ದು ಹೋಗಬೇಡಿ. ಇಂದು ಎದ್ದು ಹೋಗದ ಸಭಿಕರು ನನಗೆ ಬಹಳ ಅಗತ್ಯ.

ನಾನು ಯಾರು ಎಂದು ಕೇಳುವಿರಾ? ಫೋನ್ ಅಂಗಡಿಯ ಗಾಜಿನ ಕೌಂಟರಿನ ಹಿಂದೆ ನಿಂತು, ತಂತಿ ಕಟ್ಟಿದ ಮಾದರಿ ಫೋನುಗಳನ್ನು ದಿನವಿಡೀ ಒರೆಸುವವನು. ಪ್ರಾಸ ನನ್ನ ಚಟ, ಮನೆಯವರಿಗೆ ಅದೇ ಸಂಕಟ. ಗಿರಾಕಿಗಳು ಬರುತ್ತಾರೆ, ಹೊಸ ಫೋನಿನ ಪರದೆಯ ಕೆಳಸಾಲಿನಲ್ಲಿರುವ ಪುಟ್ಟ ಲಕೋಟೆಯ ಚಿತ್ರವನ್ನು ಬೆರಳಿನಿಂದ ಕುಟ್ಟುತ್ತಾರೆ.

"ಇದ್ಯಾಕೆ ಇಲ್ಲಿ? ತೆಗೀರಿ ಇದನ್ನ."

"ಅದು ಫೋನಿನ ಒಡಹುಟ್ಟು ಸಾರ್. ಕೆಲವು ಫೋನಲ್ಲಿ ತೆಗೆಯಕ್ಕೇ ಬರಲ್ಲ."

"ಹಾಗಾದ್ರೆ ಕಣ್ಣಿಗೆ ಬೀಳದ ಹಾಗೆ ಎಲ್ಲಾದ್ರೂ ಮೂಲೆಗೆ ತಳ್ಳಿ."

ತಳ್ಳುತ್ತೇನೆ. ಏನು ಮಾಡಲಿ? ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮಾಲೀಕರ ಕಣ್ಣು ನನ್ನ ಮೇಲೇ ಇರುತ್ತದೆ. "ನೀನು ಲಕೋಟೆ ಪುರಾಣ ಹೇಳಿ ಮುಗಿಸೋ ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡೀಲಿ ಬಿಲ್ ಹಾಕಿಸ್ಕೊಂಡಿರ್ತಾನೆ" ಎನ್ನುವುದು ಅವರ ಅನುಭವವಾಣಿ.

ಸಭಿಕರೇ, ಜೊತೆಯಲ್ಲೇ ಬಂದದ್ದರ ಬೆಲೆ ನಮಗೇಕೆ ತಿಳಿಯುವುದಿಲ್ಲ? ಹುಡುಕಿ ತಂದದ್ದನ್ನು ಮೆರೆಸುತ್ತೇವೆ, ಮೊದಲಿನಿಂದ ಇದ್ದದ್ದನ್ನು ಮರೆಯುತ್ತೇವೆ. ಆ ಲಕೋಟೆಯನ್ನು ಇಳಿಸಿಕೊಳ್ಳಬೇಕಾಗಿಲ್ಲ, ಹುಡುಕಬೇಕಾಗಿಲ್ಲ. ಒಮ್ಮೆ ನಿಮ್ಮ ವಿಳಾಸ ಕೊಟ್ಟರೆ ಆಯಿತು, ಬಾಗಿಲಿಗೆ ಬಂದಾಗಲೆಲ್ಲ "ಯಾರು ನೀವು, ಗುಟ್ಟಿನ ಪದ ಹೇಳಿ" ಎಂದು ತಡೆಯುವುದಿಲ್ಲ. ಮೇಲ್ ಬಂದರೆ ಟಿಂಗ್ ಎಂದು ಕರೆಯುತ್ತದೆ. ಬಂದು ಇಳಿದ ಮೇಲ್ ನೆಟ್‌ವರ್ಕ್ ಹೋದರೂ ಉಳಿಯುತ್ತದೆ. ಸಿಗ್ನಲ್ ಇಲ್ಲದ ಜಾಗದಲ್ಲಿ ಬರೆದು ಕಳಿಸು ಎಂದು ಒತ್ತಿದರೆ, ಆಗಲ್ಲ ಎಂದು ಹರಿದು ಎಸೆಯುವುದಿಲ್ಲ. ಔಟ್‌ಬಾಕ್ಸ್ ಎಂಬ ಜಗುಲಿಯ ಮೇಲೆ ಕೂರಿಸಿಕೊಂಡು, ದಾರಿ ತೆರೆದ ಕೂಡಲೇ ತಾನಾಗಿ ಕಳಿಸುತ್ತದೆ. ಮಾತು ಹೊರಡಲು ಆಗದೆ ಕೂತಿರಬಹುದು, ಆದರೆ ಸತ್ತಿಲ್ಲ. ಇಷ್ಟು ತಾಳ್ಮೆ ನಮ್ಮ ನೆಂಟರಲ್ಲಿ ಯಾರಿಗಿದೆ, ಹೇಳಿ?

ಮೆಸೇಜು ಕಳಿಸಿದರೆ ಸಾಲದೇ ಎಂದು ಕೇಳಬಹುದು. ಮೆಸೇಜು ಒಳ್ಳೆಯದೇ. ಆದರೆ ಅದು ಬಾಗಿಲಲ್ಲಿ ನಿಂತು "ಓದಿದೆಯಾ, ಯಾಕೆ ಉತ್ತರವಿಲ್ಲ" ಎಂದು ಪೀಡಿಸುತ್ತದೆ. ಮೇಲ್ ಹಾಗಲ್ಲ. ಯಾರಿಗೆ, ಏನು ವಿಷಯ ಎಂದು ಮೇಲೆ ಸ್ಪಷ್ಟವಾಗಿ ಸಾರಿ, ಹೇಳುವುದನ್ನು ಹೇಳಿ, ಪಕ್ಕಕ್ಕೆ ಸರಿದು ಕೂರುತ್ತದೆ. ಬಸ್ ನಿಲ್ದಾಣದ ಪ್ರಕಟಣೆಯ ಹಾಗೆ.

ಬಸ್ ನಿಲ್ದಾಣದ ಮಾತು ಬಂತು. ವಿಷಯ ಬಿಟ್ಟು ಹೋಗುತ್ತಿದ್ದೇನೆ ಎಂದು ಅಧ್ಯಕ್ಷರು ಗಂಟೆ ಬಾರಿಸುವ ಮುನ್ನ ಹೇಳಿಬಿಡುತ್ತೇನೆ: ನನ್ನ ಅಕ್ಕ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ಟಿಕೆಟ್ ಕಿಟಕಿಗಳ ಮೇಲಿನ ಅಟ್ಟದಂಥ ಕೋಣೆಯಲ್ಲಿ, ಒಂದು ಮೈಕು, ಒಂದು ಫ್ಯಾನು, ಒಂದು ಹೂಜಿ ನೀರಿನ ಜೊತೆ ಅವಳ ಆಯುಸ್ಸಿನ ಅರ್ಧ ಕಳೆದಿದೆ. "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಶುರು ಮಾಡಿದರೆ, ಓಡುವವನು ನಿಲ್ಲುತ್ತಾನೆ, ನಿಂತವನು ಓಡುತ್ತಾನೆ. ಮನೆಯಲ್ಲೂ ಅದೇ ದನಿ. ನನ್ನ ಹೆಂಡತಿ, "ನಿಮ್ಮಕ್ಕ ಉಪ್ಪು ಕೇಳಿದ್ರೂ ನಂಗೆ ಲಗೇಜು ಹುಡುಕೋ ಹಾಗಾಗುತ್ತೆ" ಎನ್ನುತ್ತಾಳೆ.

ನನಗೆ ಭಾಷಣ ಕಲಿಸಿದವಳು ಅವಳೇ. ಶಾಲೆಯ ಸ್ಪರ್ಧೆಯಲ್ಲಿ 'ನೀರಿನ ಮಹತ್ವ'ದ ಬಗ್ಗೆ ಮಾತನಾಡಬೇಕಿತ್ತು. ಬರೆದುಕೊಟ್ಟಳು, ಬಾಯಿಪಾಠ ಮಾಡಿಸಿದಳು, ಕೈ ಎಲ್ಲಿ ಎತ್ತಬೇಕು ಎಂದು ತೋರಿಸಿದಳು. ವೇದಿಕೆ ಹತ್ತಿದೆ. ಸಭಿಕರೇ ಎಂದೆ. ಅಲ್ಲಿಗೆ ಎಲ್ಲವೂ ಆವಿಯಾಯಿತು. ತಲೆಯೊಳಗೆ ನೀರೂ ಇಲ್ಲ, ಮಹತ್ವವೂ ಇಲ್ಲ. ಇನ್ನು ಅಳುವುದೊಂದೇ ಬಾಕಿ. ಆಗ ಸಭಾಂಗಣದ ಕೊನೆಯಲ್ಲಿ, ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ಕಂಡಳು. ಅವಳ ತುಟಿ ಆಡುತ್ತಿತ್ತು. ದನಿ ಇಲ್ಲ, ಬರೀ ತುಟಿ. ನಾನು ಅದನ್ನೇ ನೋಡುತ್ತಾ ಹೇಳುತ್ತಾ ಹೋದೆ. ನೀರಿಲ್ಲದೆ ಬೆಳೆಯಿಲ್ಲ ಎಂದು ಅವಳ ತುಟಿ ಆಡಿತು, ನನ್ನ ಬಾಯಿ ಹೇಳಿತು. ನೀರಿಲ್ಲದೆ ಬದುಕಿಲ್ಲ ಎಂದಿತು, ಹೇಳಿದೆ. ಆಮೇಲೆ ಅವಳು ಇನ್ನೇನೋ ಅಂದಳು. ಅದನ್ನೂ ಅದೇ ಗಾಂಭೀರ್ಯದಿಂದ, ಕೈ ಎತ್ತಿ, ಮೈಕಿನಲ್ಲಿ ಹೇಳಿಬಿಟ್ಟೆ:

"ಅಂಗಿ ಗುಂಡಿ ಹಾಕ್ಕೋ, ಕತ್ತೆ."

ಮುಖ್ಯ ಅತಿಥಿಗಳು ಬೆಚ್ಚಿ ತಮ್ಮ ಅಂಗಿಯನ್ನು ತಡವಿ ನೋಡಿಕೊಂಡರು. ಸಭೆ ನಕ್ಕು ನಕ್ಕು ಬಿದ್ದಿತು. ಬಹುಮಾನ ಬರಲಿಲ್ಲ, ಆದರೆ ನಾನು ಅಳದೆ ಕೆಳಗಿಳಿದೆ. ಮನೆಯ ದಾರಿಯುದ್ದಕ್ಕೂ ಅಕ್ಕ ಬೈದಳು. ಬೈಯುತ್ತಲೇ ನನ್ನ ಗುಂಡಿ ಹಾಕಿದಳು.

ಕ್ಷಮಿಸಿ. ವಿಷಯಕ್ಕೆ ಬರುತ್ತೇನೆ.

ಅಕ್ಕನ ದನಿ ಕಳೆದ ವರ್ಷದಿಂದ ಒಡೆಯತೊಡಗಿತು. ಫ್ಯಾನಿನ ಗಾಳಿ ಅಂದಳು, ಹೂಜಿಯ ತಣ್ಣೀರು ಅಂದಳು. ಪ್ರಯಾಣಿಕರು ದೂರು ಕೊಡಲಿಲ್ಲ, ತಪ್ಪಾಗಿ ಕೇಳಿಸಿಕೊಂಡು ಬೇರೆ ಬಸ್ ಹತ್ತಿದರು. ನಾನು ಅಂಗಡಿಯಿಂದ ಅವಳಿಗೊಂದು ಟ್ಯಾಬ್ಲೆಟ್ ತಂದುಕೊಟ್ಟೆ. ಕಮ್ಮಿ ಮಾತಾಡಲಿ ಎಂಬ ಆಸೆ. ಅವಳ ಹೆಸರಲ್ಲಿ ಮೇಲ್ ವಿಳಾಸ ಮಾಡಿ, ಲಕೋಟೆಯೊಳಗೆ ಕೂರಿಸಿ, "ಅಕ್ಕಾ, ಇದನ್ನ ಒತ್ತಿದ್ರೆ ಸಾಕು" ಎಂದೆ. "ನಂಗೆ ಮೈಕ್ ಇದೆ ಕಣೋ" ಎಂದು ಟ್ಯಾಬ್ಲೆಟ್ಟಿನ ಮೇಲೆ ತಿಂಡಿಯ ತಟ್ಟೆ ಇಟ್ಟಳು.

ಆದರೂ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಯ ಮುಂದೆ ನಿಂತಿದ್ದಾಗ, ನನ್ನ ಫೋನು ಟಿಂಗ್ ಎಂದಿತು. ಅಕ್ಕನ ಮೊದಲ ಮೇಲ್. ವಿಷಯ: ಪ್ರಯಾಣಿಕರ ಗಮನಕ್ಕೆ. ಒಳಗೆ ಇಷ್ಟೇ: "ಊಟದ ಡಬ್ಬಿ ಬಿಟ್ಟು ಹೋಗಿದ್ದೀಯ. ಹುಟ್ಟುವಾಗ ಜೊತೆಗೇ ಬಂದ ತಲೆಯನ್ನು ಬಳಸುವುದು ಯಾವಾಗ?"

ಸಭಿಕರೇ, ನಾನು ತಿರುಗಿ ನೋಡಿದೆ. ನಿಜವಾಗಿ ತಿರುಗಿ ನೋಡಿದೆ. ಅವಳು ನನ್ನ ಬೆನ್ನ ಹಿಂದೆ ನಿಂತು ಹೇಳಿದ ಹಾಗೆ ಕೇಳಿಸಿತ್ತು. 'ತಲೆ' ಎನ್ನುವಲ್ಲಿ ಅವಳು ದನಿ ಎಳೆಯುವ ರೀತಿ ಕೂಡ. ಸಂಜೆ ಮಗಳಿಗೆ ತೋರಿಸಿದರೆ ಓದಿ ಕಿವಿ ಮುಚ್ಚಿಕೊಂಡಳು: "ಅಪ್ಪಾ, ಅತ್ತೆ ಟೈಪ್ ಮಾಡಿದ್ರೂ ಜೋರಾಗೇ ಕೇಳ್ಸುತ್ತೆ!" ಜೊತೆಯಲ್ಲೇ ಬರುವ ಇಮೇಲ್ ಆ್ಯಪಿನ ಮಹತ್ವದ ಬಗ್ಗೆ ಇದಕ್ಕಿಂತ ದೊಡ್ಡ ಉಪನ್ಯಾಸವನ್ನು ನಾನು ಎಲ್ಲಿಂದ ತರಲಿ?

ಆಮೇಲೆ ಡಾಕ್ಟರು ನೋಡಿದರು. ಧ್ವನಿಪೆಟ್ಟಿಗೆಯಲ್ಲೇ ಗಡ್ಡೆ ಕೂತಿದೆ ಎಂದರು. ಒಳ್ಳೆಯವರು, ಸುತ್ತಿ ಬಳಸಿ ಮಾತಾಡಲಿಲ್ಲ. "ಪೆಟ್ಟಿಗೆ ತೆಗೆದ್ರೆ ಇವರು ಉಳೀತಾರೆ. ಪೆಟ್ಟಿಗೆ ಉಳಿಸಕ್ಕೆ ಹೋದ್ರೆ ಇವರು ಉಳಿಯಲ್ಲ. ಆಮೇಲೆ ಮಾತಿಗೆ ಬೇರೆ ದಾರಿಗಳಿವೆ, ನಾವೇ ಕಲಿಸ್ತೀವಿ. ಆದ್ರೆ ಈ ದನಿ ವಾಪಸ್ ಬರಲ್ಲ" ಎಂದರು. ನಾಳೆ ಬೆಳಿಗ್ಗೆಯೊಳಗೆ ಅವಳ ಒಪ್ಪಿಗೆ ಬೇಕು. ಅವರೂ ಕೇಳಿದರು, ನಾನೂ ಕೇಳಿದೆ. ಅಕ್ಕ ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದಳು.

"ಬೇಡ" ಎಂದಳು, ಪಿಸುದನಿಯಲ್ಲಿ. "ದನಿ ಹೋದ್ಮೇಲೆ ಉಳಿಯೋದು ಯಾರೋ? ನಾನಂತೂ ಅಲ್ಲ."

"ಅಕ್ಕಾ, ಹಾಗಲ್ಲ, ನೋಡು..."

"ಭಾಷಣ ಬಿಗೀಬೇಡ. ಕೇಳೋ ಶಕ್ತಿ ಇಲ್ಲ ನಂಗೆ. ಹೋಗು ಆಚೆ."

ಹೀಗೆ, ಸಭಿಕರೇ, ಭಾಷಣ ಕಲಿಸಿದವಳೇ ಭಾಷಣ ಬೇಡವೆಂದಳು. ಬಾಯಿ ತೆರೆದರೆ ಬಾಗಿಲು ತೋರಿಸುತ್ತಾಳೆ. ಎದುರು ನಿಂತರೆ ಗೋಡೆಗೆ ತಿರುಗುತ್ತಾಳೆ. ಇಂಥವಳಿಗೆ ಮಾತು ಮುಟ್ಟಿಸುವ ದಾರಿ ಯಾವುದು? ಅವಳ ಹಾಸಿಗೆಯ ಪಕ್ಕದ ಮೇಜಿನ ಮೇಲೆ, ನೀರಿನ ಲೋಟ, ಮಾತ್ರೆಯ ಹಾಳೆಗಳ ನಡುವೆ, ಒಂದು ಟ್ಯಾಬ್ಲೆಟ್ ಇದೆ. ಅದರ ಕೆಳಸಾಲಿನಲ್ಲಿ...

ಸಾಕು.

ಅಕ್ಕಾ, ಇಲ್ಲಿ ಸಭೆ ಇಲ್ಲ. ಅಧ್ಯಕ್ಷರೂ ಇಲ್ಲ, ಅತಿಥಿಗಳೂ ಇಲ್ಲ, ಅಂಥ ಸಂಘವೇ ಇಲ್ಲ. ನಾನು ನಿನ್ನ ವಾರ್ಡಿನ ಹೊರಗೆ, ಮೆಟ್ಟಿಲ ಮೇಲೆ ಕೂತು ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ. ಬಕೆಟ್ಟು ಹಿಡಿದು ನೆಲ ಒರೆಸುವವರು ಆಗಲೇ ಎರಡು ಸಲ ಕಾಲು ಎತ್ತಿಸಿದರು. ಇಡೀ ಭಾಷಣದಲ್ಲಿ ಎದ್ದು ಹೋಗಬಾರದು ಎಂದು ಬೇಡಿಕೊಂಡದ್ದು ನಿನ್ನೊಬ್ಬಳನ್ನೇ.

ನನಗೆ ಹೆದರಿಕೆಯಾಗಿದೆ, ಅಕ್ಕಾ. ಇದನ್ನು ಹೇಳಲು ಪ್ರಾಸ ಸಿಗಲಿಲ್ಲ.

ದನಿ ಹೋದಮೇಲೆ ಉಳಿಯುವುದು ಯಾರು ಎಂದು ಕೇಳಿದೆಯಲ್ಲ? ಆ ಬಾಗಿಲಿಗೆ ಒರಗಿ ನಿಂತಿದ್ದವಳು ಉಳಿಯುತ್ತಾಳೆ. ಅವತ್ತು ನಿನ್ನ ಬಾಯಿಂದ ಒಂದು ಸದ್ದೂ ಬಂದಿರಲಿಲ್ಲ. ಇಡೀ ಸಭೆ ದಾಟಿ ಎಲ್ಲವೂ ನನಗೆ ಮುಟ್ಟಿತು, ಬೈಗುಳದ ಸಮೇತ. ಮೈಕಿನಲ್ಲಿ ನೀನು ಊರಿಗೆಲ್ಲ ಹೇಳಿದ್ದನ್ನು ಊರು ಕೇಳಿಕೊಂಡು ಬಸ್ ಹತ್ತಿ ಹೋಯಿತು. ನಾನು ಹತ್ತಿ ಹೋಗಿಲ್ಲ. ಇನ್ನೂ ವೇದಿಕೆಯ ಮೇಲೇ ನಿಂತಿದ್ದೇನೆ, ನಿನ್ನ ತುಟಿ ನೋಡುತ್ತಾ.

ಟ್ಯಾಬ್ಲೆಟ್ ಟಿಂಗ್ ಎಂದಾಗ ನೀನು ಎತ್ತಿಕೊಂಡು, ಇಲ್ಲಿಯವರೆಗೆ ಓದಿದ್ದರೆ, ಪರದೆಯ ಕೆಳಗೆ, ಉತ್ತರ ಬರೆಯಲು, ಬಾಗಿದ ಬಾಣದ ಗುರುತಿದೆ. ಅದನ್ನು ಒತ್ತು. "ಆಯ್ತು" ಎಂದು ಬರೆ. ಅದು ಆಗದಿದ್ದರೆ ಬೈದಾದರೂ ಬರೆ, ಡಾಕ್ಟರಿಗೆ ಅದನ್ನೇ ಒಪ್ಪಿಗೆ ಎಂದು ಓದಿ ಹೇಳುತ್ತೇನೆ.

ತಾಳ್ಮೆಯಿಂದ ಕೇಳಿದ್ದಕ್ಕೆ ವಂದನೆಗಳು. ಅಂಗಿಯ ಗುಂಡಿ ಹಾಕಿಕೊಂಡಿದ್ದೇನೆ, ಬಂದು ನೋಡು.

ನಮಸ್ಕಾರ.